ಗಂಗಾದೇವಿಯ ಸಿನೆಮಾಕ್ಕೆ ಹೋದದ್ದು

ಮಿರಜ
ಸೋಮವಾರ, ೧೨ ನವೆಂಬರ್ ೧೯೭೯

ಪ್ರೀತಿಯ ಅವ್ವಾ,

ಇವತ್ತು ಬೆಳಿಗ್ಗೆ ಅಪ್ಪ ಹಂಡೆಯ ನೀರಿಗೆ ತಂಬಿಗೆ ಅದ್ದುವ ಮೊದಲು ಒಮ್ಮೆ ಬಗ್ಗಿ ಒಳಗೆ ನೋಡಿದರು. ಸುಮ್ಮನೆ ನೋಡಿದ್ದಲ್ಲ. ಹಂಡೆಯ ಕಂಠ ಹಿಡಿದು, ತಲೆ ಓರೆ ಮಾಡಿ, ತಳದವರೆಗೆ ನೋಡಿ, ಆಮೇಲೆ ಅದ್ದಿದರು. ಬಚ್ಚಲ ಒಲೆಗೆ ಕಟ್ಟಿಗೆ ಸರಿಸುತ್ತಿದ್ದ ನನ್ನನ್ನು ಕಂಡು, "ತಳಾ ತೂತ ಬಿದ್ದೈತೇನಂತ ನೋಡಿದ್ನಿ" ಅಂದರು. ಪಾತ್ರೆ ಭಾಂಡೆ ಮಾರುವ ವ್ಯಾಪಾರಿ ಹಾಗೆ ಹೇಳಿದರೆ ಮಗಳು ನಂಬಬೇಕು. ನಂಬಿದಂತೆ ಮುಖ ಮಾಡಿ ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಪ್ಪ ಹಂಡೆಯಲ್ಲಿ ಏನನ್ನು ಹುಡುಕಿದರು ಎಂಬುದನ್ನು ಹೇಳುವುದಕ್ಕೇ ಈ ಪತ್ರ. ಆದರೆ ಮೊದಲು ನಿಮ್ಮ ಸುದ್ದಿ.

ಆಯಿಯ ಕಾಲು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತದೆಂದು ಅವಳು ಹೆಣಿಗೆಯ ಕಡ್ಡಿ ತೂರಿಸುತ್ತಾಳೆ ಎಂದು ಬರೆದಿದ್ದೀಯಲ್ಲ, ಆ ಕಡ್ಡಿಯನ್ನು ದಯವಿಟ್ಟು ಬಚ್ಚಿಡು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ನಿನ್ನ ಹಡೆದವ್ವನೇ ಆದರೂ ಆಯಿಯನ್ನು ಎತ್ತಿ ಕೂರಿಸುವಾಗ ಒಬ್ಬಳೇ ಎತ್ತಬೇಡ, ಮಾಮಾನನ್ನು ಕರೆ. ಇಲ್ಲಿ ನಾವೆಲ್ಲ ಆರಾಮ. ರತ್ನಾ ಅತ್ತಿ ಬಂದಾಗಿನಿಂದ ಪಲ್ಯಕ್ಕೆ ಖಾರ ಜಾಸ್ತಿ. ಅಪ್ಪ ಬೆವರುತ್ತಾ ತಂಗಿಯ ಅಡುಗೆಯನ್ನು ಹೊಗಳುತ್ತಾ, ನಡುನಡುವೆ ನೀನು ಯಾವಾಗ ಬರುತ್ತೀ ಎಂದು ನನ್ನನ್ನು ಕೇಳುತ್ತಾರೆ. ಕಬ್ಬಿನ ಹಂಗಾಮು ಶುರುವಾಗಿದೆ. ಸಾಂಗ್ಲಿ ರಸ್ತೆಯ ತುಂಬಾ ಕಾರ್ಖಾನೆಗೆ ಹೋಗುವ ಗಾಡಿಗಳು. ಬಸ್ಸು ಅವುಗಳ ಹಿಂದೆ ಎತ್ತಿನ ನಡಿಗೆಯಲ್ಲೇ ಹೋಗುತ್ತದೆ.

ನೀನು ತವರಿಗೆಂದು ಜಮಖಂಡಿಯ ಬಸ್ಸು ಹತ್ತುವಾಗ ನನಗೆ ಒಂದು ಮಾತು ಹೇಳಿದ್ದೆ. "ಸಾಂಗ್ಲಿ ಮಂದಿ ನೋಡಾಕ ಬಂದ್ರ ಬರಲಿ. ನಿನ್ನ ಮನಸ್ಸಿನ್ಯಾಗ ಏನೈತಿ ನನಗೊಂದ ಸಾಲು ಬರಿ. ಮುಂದಿಂದು ನಾ ನೋಡತೀನಿ." ನಿಪ್ಪಾಣಿಯವರು ನನ್ನನ್ನು ನೋಡಲು ಬಂದಾಗ ಆದದ್ದು ನಿನಗೂ ನೆನಪಿರಬೇಕು. ಒಪ್ಪಿಗೆಯೇ ಎಂದು ಕೇಳಿದರು, ನನಗೆ ಒಳಗೆಲ್ಲ ಬೇಡ ಬೇಡ ಅನಿಸುತ್ತಿತ್ತು, ಆದರೂ ತಲೆ ತಾನಾಗಿಯೇ ಹೌದೆಂದು ಅಲ್ಲಾಡಿಬಿಟ್ಟಿತು. ಅವರೇ ಬೇರೆ ಕಡೆ ಸಂಬಂಧ ಮಾಡಿಕೊಂಡದ್ದರಿಂದ ಉಳಿದೆ. ಈ ಸಲವೂ ಹಾಗೆಯೇ ಆಗಿ, ನನ್ನ ತಲೆ ನನ್ನನ್ನು ಕೇಳದೆ ಎಲ್ಲಿಗೋ ಕಳಿಸಿಬಿಡುತ್ತದೆ ಎಂಬ ಭಯದಲ್ಲೇ ಈ ಹದಿನೈದು ದಿನ ಕಳೆದೆ. ಸಾಂಗ್ಲಿಯ ಬೆಲ್ಲದ ಅಡತಿ ಅಂಗಡಿಯ ಬಾಳಾಸಾಹೇಬರ ಮಗ, ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವ ಗುರಲಿಂಗ, ಇಷ್ಟು ಮಾತ್ರ ಗೊತ್ತಿತ್ತು. ಫೋಟೋದಲ್ಲಿ ಕನ್ನಡಕವಿತ್ತು. ಫೋಟೋಕ್ಕೆ ದನಿ ಎಲ್ಲಿಂದ ಬರಬೇಕು?

ನೀನಿಲ್ಲದೆ ಮನೆಯಲ್ಲಿ ಹೆಣ್ಣು ತೋರಿಸುವುದು ಹೇಗೆಂದು ಅಪ್ಪ ಹಿಂದೆಮುಂದೆ ನೋಡುತ್ತಿದ್ದರು. ಸಂಬಂಧ ತಂದ ಜ್ಯೋತೆಪ್ಪ ಕಾಕಾನೇ ದಾರಿ ಹುಡುಕಿದ. ಈಗ ಸಾಂಗ್ಲಿ ಕಡೆ ಹೀಗೆ ಮಾಡುತ್ತಾರಂತೆ. "ಅವರೂ ಪಿಕ್ಚರಕ್ಕ ಬಂದಂಗ ಬರತಾರ, ನೀವೂ ಹೋದಂಗ ಹೋಗ್ರಿ. ಅಲ್ಲೆ ಭೆಟ್ಟಿ ಆದಂಗ ಆಗತೈತಿ. ಮನಸ್ಸಿಗೆ ಬಂದ್ರ ಮುಂದಿನ ಮಾತು. ಬರಲಿಲ್ಲಂದ್ರ ಪಿಕ್ಚರರೆ ನೋಡಿದಂಗ ಆತಲ್ಲ?" ಬಾಳಾಸಾಹೇಬರ ತಾಯಿ ಸಂಗವ್ವಜ್ಜಿ ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು, ಆದ್ದರಿಂದ ದೇವರ ಪಿಕ್ಚರೇ ಆಗಬೇಕು ಎಂದು ನಿಶ್ಚಯವಾಯಿತು. ಹುಡುಕುವ ಕೆಲಸ ಅಪ್ಪನ ಪಾಲಿಗೆ ಬಂತು. ಮರುದಿನವೇ ಅಂಗಡಿಯಿಂದ ಬಂದವರು, "ಸಾಂಗ್ಲ್ಯಾಗ ಗಂಗಾದೇವಿದು ಹತ್ತೈತಿ. ಗ್ವಾಡಿ ಮ್ಯಾಲ ಚಿತ್ರಾ ನೋಡೇನಿ. ಭಾಳ ಚಂದ ತಗದಾರ" ಅಂದರು. ಬಾಲ್ಕನಿಯ ಟಿಕೇಟುಗಳನ್ನೂ ಆಳು ಕಳಿಸಿ ತರಿಸಿಬಿಟ್ಟರು.

ನಿನ್ನೆ ಟಾಕೀಜಿನ ಮುಂದೆ ಬಸ್ಸಿಳಿದಾಗ ಆ ಚಿತ್ರ ನಾನೂ ನೋಡಿದೆ. ಅಪ್ಪನದು ತಪ್ಪೆಂದು ಹೇಳಲಾರೆ ಅವ್ವಾ. ನಡುನೀರಿನಲ್ಲಿ ಕೂದಲು ಬಿಚ್ಚಿದ ಒಬ್ಬ ಹೆಂಗಸು, ಒಂದು ಕೈ ಮೇಲೆತ್ತಿದ್ದಾಳೆ. ಕೆಳಗೆ ಬಾಯ್ತೆರೆದ ದೊಡ್ಡ ಜಲಚರ. ಅದು ಇಂಗ್ಲಿಷ್ ಪಿಕ್ಚರು; ಮೂಲ ಚಿತ್ರದಲ್ಲಿ ಅವಳ ಮೈಮೇಲೆ ಬಟ್ಟೆ ಕಡಿಮೆ ಇದ್ದಿರಬೇಕು. ನಮ್ಮ ಸಾಂಗ್ಲಿಯ ಪೇಂಟರ್ ಯಾರೋ ಮರ್ಯಾದಸ್ಥ ಮನುಷ್ಯ, ಹೆಗಲ ಮೇಲಿಂದ ಒಂದು ನೀಲಿ ಸೀರೆ ಹೊದಿಸಿ, ಸೆರಗಿಗೆ ಅಂಚನ್ನೂ ಬರೆದಿದ್ದಾನೆ. ಕಾಪಾಡಿ ಎಂದು ಎತ್ತಿದ ಕೈ ಅಪ್ಪನಿಗೆ ಆಶೀರ್ವಾದದ ಕೈಯಾಗಿ ಕಂಡಿದೆ. ಗಂಗಾದೇವಿ ಮೊಸಳೆಯ ಮೇಲೆ ಕೂತ ಕ್ಯಾಲೆಂಡರನ್ನು ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ನೋಡುತ್ತ ಬಂದವರಿಗೆ ಇನ್ನೇನು ಕಾಣಬೇಕು? ಆದರೆ ಕೆಳಗೆ ಮರಾಠಿಯಲ್ಲಿ ಸಣ್ಣದಾಗಿ, ಒಬ್ಬಂಟಿ ಹೆಂಗಸು, ನರಭಕ್ಷಕ ಶಾರ್ಕ್, ಹೃದಯ ದುರ್ಬಲ ಇದ್ದವರು ಬರಬಾರದು ಎಂದು ಬರೆದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದುರಿಗೆ ಅವರ ಮನೆಯವರು ನಿಂತಿದ್ದರು. ಎಂದಿನಂತೆ ಬಾಯಿ ಮುಚ್ಚಿ ಎಲ್ಲರಿಗೂ ಕೈ ಮುಗಿದೆ. ಸಂಗವ್ವಜ್ಜಿ ಹಣೆಯ ತುಂಬಾ ಹೊಸ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಒಳಗೆ ಹೋಗುವ ಮೊದಲು ಚಪ್ಪಲಿಯನ್ನು ಮೆಟ್ಟಿಲ ಪಕ್ಕದಲ್ಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಬಾಲ್ಕನಿಯಲ್ಲಿ ಹೆಂಗಸರಿಗೆ ಒಂದು ಬದಿ, ಗಂಡಸರಿಗೆ ಇನ್ನೊಂದು ಬದಿ. ಈ ಬದಿಗೆ ಅಜ್ಜಿ, ಹುಡುಗನ ತಾಯಿ ಇಂದುಬಾಯಿ, ರತ್ನಾ ಅತ್ತಿ, ನಾನು. ಆ ಬದಿಗೆ ಅಪ್ಪ, ಬಾಳಾಸಾಹೇಬರು, ಗುರಲಿಂಗ, ಜ್ಯೋತೆಪ್ಪ ಕಾಕಾ. ದೀಪ ಆರಿತು. ದೇವರ ಪಿಕ್ಚರಾದರೆ ಮೊದಲು ಒಂದು ಶ್ಲೋಕ ಬರಬೇಕು. ಇಲ್ಲಿ ಬಂದದ್ದು ಒಬ್ಬ ನರ್ಸ್. ಯಾವುದೋ ದ್ವೀಪದ ಆಸ್ಪತ್ರೆಗೆ ಔಷಧಿ ಒಯ್ಯಲು ಪುಟ್ಟ ದೋಣಿ ಹತ್ತಿದಳು, ನಡುಗಡಲಲ್ಲಿ ದೋಣಿ ಮಗುಚಿತು, ಅಂಬಿಗನನ್ನು ಮೀನು ಎಳೆದೊಯ್ದಿತು. ಅವಳು ಬೋರಲು ಬಿದ್ದ ದೋಣಿಯ ಬೆನ್ನೇರಿ, ಈಜಲು ಅಡ್ಡಿಯಾಗುವ ಲಂಗ ಬಿಚ್ಚಿ ನೀರಿಗೆಸೆದಳು. ಕೆಳಗಿನ ಕ್ಲಾಸಿನಿಂದ ಸಿಳ್ಳೆ ಬಿದ್ದವು. ರತ್ನಾ ಅತ್ತಿ "ಶಿವಶಿವಾ" ಎಂದು ನನ್ನ ತೊಡೆ ಚಿವುಟಿದರು. ಎದ್ದು ಹೋಗೋಣವೆಂದರೆ ಹೇಗೆ? ಪಿಕ್ಚರ್ ಆರಿಸಿದವರು ನಾವು. ನಾವೇ ಎದ್ದರೆ ಅವರಿಗೆ ಅವಮಾನ. ಅವರು ಎದ್ದರೆ ಹೆಣ್ಣಿನ ಕಡೆಯವರನ್ನು ಧಿಕ್ಕರಿಸಿದಂತೆ. ಹೀಗಾಗಿ ಎರಡೂ ಮನೆಯವರು ಮರ್ಯಾದೆಯಿಂದ ಕುರ್ಚಿಗೆ ಅಂಟಿಕೊಂಡು, ಆ ಬಡಪಾಯಿ ನರ್ಸಳಷ್ಟೇ ಗಟ್ಟಿಯಾಗಿ ಹಿಡಿದು ಕೂತೆವು. ಮಧ್ಯಂತರದಲ್ಲಿ ಸೋಡಾ ಕುಡಿಯುತ್ತಾ ಅಪ್ಪ, "ಹೊಸಾ ನಮೂನಿ ಐತಲ್ರಿ?" ಅಂದರೆ, ಬಾಳಾಸಾಹೇಬರು, "ಹೌದ್ರಿ, ಹೌದ್ರಿ. ಜ್ಞಾನ ಬರತೈತಿ" ಅಂದರು. ಬಿ.ಎ. ಕಲಿತ ನನ್ನಂಥ ಹುಡುಗಿಗೆ ಇಂಥದ್ದೇ ಹಿಡಿಸುತ್ತದೆ ಎಂದು ಅವರು ತಿಳಿದಿದ್ದರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಕತ್ತಲಿಗೆ ಹೋದರು.

ಪಿಕ್ಚರ್ ಬಿಟ್ಟ ಮೇಲೆ ಹೊರಗೆ ಜನ ಆಡುತ್ತಿದ್ದ ಮಾತು ಕೇಳಬೇಕಿತ್ತು ನೀನು. ಮೀನು ಸಾಯಲಿಲ್ಲ ಎಂದು ಕೆಳಗಿನ ಕ್ಲಾಸಿನವರಿಗೆಲ್ಲ ಸಿಟ್ಟು. ಕುಪವಾಡದ ವರ್ಕ್‌ಶಾಪಿನ ಅಂಗಿಯಲ್ಲಿದ್ದವನೊಬ್ಬ, ಅದರ ಹಲ್ಲು ತಗಡಿನವು, ಬೆಸುಗೆಯ ಗುರುತು ಕಂಡೆ ಎಂದು ಗೆಳೆಯರಿಗೆ ಮರಾಠಿಯಲ್ಲಿ ಆಣೆ ಹಾಕಿ ಹೇಳುತ್ತಿದ್ದ. ಖಾರದ ಚುರುಮುರಿ ಭಡಂಗ ಮಾರುವ ಗಾಡಿಯ ಹತ್ತಿರ ಹೊಳೆದಂಡೆಯ ಕಸಬೆ ಡಿಗ್ರಜದ ಒಬ್ಬರು ತಲೆಯ ಪಟಕಾ ಸರಿಮಾಡಿಕೊಳ್ಳುತ್ತಾ, "ನಮ್ಮ ಹೊಳ್ಯಾಗಿನ ಮೊಸಳಿ ಆಗಿದ್ರ ಇಷ್ಟ ಹೊತ್ತ ಪಿಕ್ಚರ ನಡೀತಿರಲಿಲ್ಲ. ಚಾ ಕುಡ್ಯೂದ್ರಾಗ ಮುಗಸತಿತ್ತು" ಅಂದರು. ಆ ಮಾತಿನಲ್ಲಿ ಊರಿನ ಅಭಿಮಾನವೇ ಇತ್ತು. ನಾವೆಲ್ಲ ಅದೇ ಗಾಡಿಯ ಬೆಂಚಿನ ಮೇಲೆ ಕೂತೆವು. ಭಡಂಗ ಬಂತು, ಚಹಾ ಬಂತು, ಎಲ್ಲರೂ ಭಡಂಗದೊಳಗಿನ ಶೇಂಗಾ ಆರಿಸುತ್ತಾ ಕೂತರು. ಸಂಬಂಧ ಮುರಿಯಿತು ಎಂದೇ ನನಗನಿಸಿತು. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

ಮೊದಲು ಬಾಯಿ ತೆರೆದವರು ಸಂಗವ್ವಜ್ಜಿ. "ಅಲ್ಲೋ ಬಾಳ್ಯಾ, ಗಂಗವ್ವ ಯಾವಾಗ ಬರತಾಳಂತ ನಾ ಕಡೀತನಕಾ ಕೈ ಮುಗದ ಕುಂತಿದ್ನಿ. ಬರಲೇ ಇಲ್ಲಲ್ಲೋ!" ಅಪ್ಪ ಎರಡೂ ಕೈ ಜೋಡಿಸಿ, "ತಪ್ಪಾತ್ರಿ ಅವ್ವಾರ. ಆ ಸೀರಿ ನೋಡಿ ಮೋಸ ಹೋದ್ನಿ" ಅಂದರು. ಬಾಳಾಸಾಹೇಬರ ಬಾಯಲ್ಲಿದ್ದ ಚಹಾ ಮೂಗಿಗೆ ಹೋಯಿತು. "ಅಂದ್ರ ನೀವೂ ದೇವರದ ಅಂತ ಬಂದ್ರ್ಯಾ? ನಾ ಎದ್ದ ಹೋಗಬೇಕಂತ ಎಷ್ಟ ಸಲ ನಿಮ್ಮ ಮಾರಿ ನೋಡಿದ್ನಿ!" ಅಪ್ಪ, "ನಾ ನಿಮ್ದ ನೋಡಾಕತ್ತಿದ್ನಲ್ರಿ" ಅಂದರು. ಇಬ್ಬರು ಹಿರಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕ ನಗೆಗೆ ಗಾಡಿಯವನೂ ನಕ್ಕ. ಆಮೇಲೆ ಎಲ್ಲರ ಬಾಯಿ ಬಿಚ್ಚಿತು. ರತ್ನಾ ಅತ್ತಿಗೆ ಆ ಲಂಗ ನೀರುಪಾಲಾದದ್ದೇ ದೊಡ್ಡ ಸಂಕಟ. ಬಾಳಾಸಾಹೇಬರಿಗೆ ಮೀನಿನ ಮೇಲೆ ಸಿಟ್ಟಿಲ್ಲ; "ಅದರ ಮನಿಗೆ ಇಕಿ ಹೋಗಿದ್ಲು, ಅದೇನ ನಮ್ಮ ಅಡತಿಗೆ ಬಂದಿತ್ತೇನು?" ಅಂದರು. ಅಜ್ಜಿಯ ತಕರಾರು ಬೇರೆ. ಕಡೆಗೆ ನಾವೆಯವರು ಬಂದು ಹುಡುಗಿಯನ್ನು ಎತ್ತಿಕೊಂಡರಲ್ಲ, ಅಪ್ಪಿಕೊಂಡರು, ಅತ್ತರು, ಒಬ್ಬರಾದರೂ ಒಂದು ತುತ್ತು ಉಣ್ಣಲು ಕೊಟ್ಟರೇ? "ಎರಡ ದಿನಾ ಉಪಾಸ ಇದ್ದ ಕೂಸಿಗೆ ಒಂದ ತಂಬಿಗಿ ನೀರ ಕೇಳಲಿಲ್ಲ. ಎಂಥಾ ಮಂದಿ!" ಈ ಮಾತು ಕೇಳಿ ನನಗೆ ಅಜ್ಜಿಯ ಕಾಲು ಹಿಡಿಯಬೇಕು ಅನಿಸಿತು.

ಆಗ ಗುರಲಿಂಗ ಮಾತಾಡಿದರು. ಮೊದಲ ಸಲ ಅವರ ದನಿ ಕೇಳಿದೆ; ಮೆಲ್ಲನೆಯದು, ಸ್ವಲ್ಪ ಒಡೆದ ದನಿ. "ಅಕಿ ಆ ಖಾಲಿ ಡ್ರಮ್ ನೀರಾಗ ಬಿಟ್ಟ ಮ್ಯಾಲ ಏನಾತು? ನಾ ನೋಡಲಿಲ್ಲ. ಕಣ್ಣ ಮುಚ್ಚಕೊಂಡಿದ್ನಿ." ಬಾಳಾಸಾಹೇಬರು, "ಕಾರಖಾನ್ಯಾಗ ಹಗಲೆಲ್ಲಾ ಯಂತ್ರದ ಬಾಯಾಗ ನಿಂದ್ರಾಂವ, ಪಡದೆ ಮ್ಯಾಲಿನ ಮೀನಿಗೆ ಅಂಜಿದಿ?" ಎಂದು ಚುಡಾಯಿಸಿದರು. ಗುರಲಿಂಗರು ನಾಚಲಿಲ್ಲ, ಅವ್ವಾ. "ಅಂಜಿಕಿ ಬಂತು, ಅಂಜಿದ್ನಿ" ಅಂದರು, ಅಷ್ಟೇ. ಸರಿ, ಹೇಳುವವರು ಯಾರು? ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ರತ್ನಾ ಅತ್ತಿ ಮುಖದ ಮೇಲೆ ಸೆರಗೆಳೆದಿದ್ದರು. ಅಪ್ಪ ಬಾಳಾಸಾಹೇಬರನ್ನು, ಬಾಳಾಸಾಹೇಬರು ಅಪ್ಪನನ್ನು ನೋಡುತ್ತಿದ್ದರು. ಜ್ಯೋತೆಪ್ಪ ಕಾಕಾ ಮಧ್ಯಂತರದ ನಂತರ ನಿದ್ದೆ ಹೋಗಿದ್ದ. ಇಂದುಬಾಯಿಯವರು ಮುಚ್ಚುಮರೆಯಿಲ್ಲದೆ, "ನಾ ಹುಡುಗಿನ್ನ ನೋಡಾಕ ಬಂದಾಕಿ, ಹುಡುಗಿನ್ನ ನೋಡಾಕತ್ತಿದ್ನಿ" ಅಂದರು. ಎಂಟು ಜನ ಹೋಗಿ, ಪಿಕ್ಚರಿನ ಮುಖ್ಯ ಘಟ್ಟ ನೋಡಿದವಳು ನಾನೊಬ್ಬಳೇ! ಎಲ್ಲರೂ ನನ್ನ ಕಡೆ ತಿರುಗಿದರು. ಗುರಲಿಂಗರು, "ನೀವು ಹೇಳ್ರಿ" ಅಂದರು. ಅವಸರ ಮಾಡಲಿಲ್ಲ, ಬೇರೆಯವರತ್ತ ತಿರುಗಲಿಲ್ಲ, ಚಹಾದ ಲೋಟ ಕೈಯಲ್ಲೇ ಹಿಡಿದು ಕಾದರು.

ಹೇಗೆ ಶುರುಮಾಡಿದೆನೋ ಈಗ ನೆನಪಿಲ್ಲ. ದೋಣಿಗೆ ಕಟ್ಟಿದ್ದ ಖಾಲಿ ಸೀಮೆಎಣ್ಣೆಯ ಡ್ರಮ್ಮು, ಅದು ದೋಣಿಗೆ ಬಡಿದು ಸದ್ದು ಮಾಡಿದಾಗೆಲ್ಲ ಮೀನು ಹತ್ತಿರ ಬರುತ್ತಿದ್ದದ್ದು, ಅದನ್ನು ಅವಳು ಗಮನಿಸಿದ್ದು, ಹಗ್ಗ ಹಲ್ಲಿನಿಂದ ಬಿಚ್ಚಿ ಡ್ರಮ್ಮನ್ನು ಗಾಳಿಯ ಕಡೆಗೆ ತಳ್ಳಿದ್ದು. ಡ್ರಮ್ಮು ಸದ್ದು ಮಾಡುತ್ತಾ ಆ ಕಡೆ ಹೋಯಿತು, ಮೀನಿನ ಬೆನ್ನು ಅದರ ಹಿಂದೆ ಹೋಯಿತು, ಅವಳು ಸದ್ದಿಲ್ಲದೆ ಈ ಕಡೆ, ದೀಪಸ್ತಂಭದ ಮೆಟ್ಟಿಲ ಕಡೆಗೆ ಈಜಿದಳು. ಅರ್ಧ ದಾರಿಯಲ್ಲಿ ಡ್ರಮ್ಮಿನ ಸದ್ದು ನಿಂತಿತು. ಇಷ್ಟು ಹೇಳಿ ನಾನೂ ನಿಂತೆ. ಬೇಕೆಂದೇ ನಿಂತೆ ಅವ್ವಾ, ಕಥೆ ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತಿತ್ತು. ಡಿಗ್ರಜದವರು ಬೆಂಚಿನ ತುದಿಗೆ ಸರಿದು, "ಮುಂದ ಹೇಳ್ ತಂಗಿ" ಅಂದರು. ಅವರೂ ಆ ಹೊತ್ತಿಗೆ ಬೀಡಿ ಸೇದಲು ಹೊರಗೆ ಹೋಗಿದ್ದರಂತೆ! ಗುರಲಿಂಗರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುಂದಿನದನ್ನೂ ಹೇಳಿದೆ. ಮೀನು ತಿರುಗಿದ್ದು, ಅವಳ ಬೆರಳು ಪಾಚಿಗಟ್ಟಿದ ಮೆಟ್ಟಿಲಿನಿಂದ ಎರಡು ಸಲ ಜಾರಿದ್ದು, ಮೂರನೆಯ ಸಲ ಹಿಡಿದದ್ದು, ಮೀನು ನುಗ್ಗಿದ ರಭಸಕ್ಕೆ ನೀರು ಮೇಲೆ ಬಂದು ಮೆಟ್ಟಿಲಿಗೆ ಅಪ್ಪಳಿಸಿ ಬರಿಗೈಯಲ್ಲಿ ಹಿಂದಕ್ಕೆ ಹೋದದ್ದು. ಮುಗಿಸಿದಾಗ ಅಜ್ಜಿ ದೊಡ್ಡ ಉಸಿರು ಬಿಟ್ಟು, "ಈಗ ನೋಡಿದಂಗ ಆತು ನೋಡವ್ವ" ಅಂದರು. ಇಂದುಬಾಯಿಯವರು ಮಾತ್ರ ನನ್ನನ್ನೇ ನೋಡುತ್ತಾ, "ನೀ ಇದ್ರ ಏನ ಮಾಡತಿದ್ದಿ?" ಎಂದು ಕೇಳಿದರು. "ದನಿ ಹೋಗೂತನಕಾ ಒದರತಿದ್ನಿರಿ" ಅಂದೆ. ಅಂದ ಮೇಲೆ ನನಗೇ ದಿಗಿಲಾಯಿತು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯಾಚೆ ಕಬ್ಬಿನ ಗಾಡಿಗಳನ್ನೇ ನೋಡುತ್ತಿದ್ದರು. ಇವತ್ತು ಬೆಳಿಗ್ಗೆ ಹಂಡೆಯಲ್ಲಿ ಹುಡುಕಿದ್ದು ಆ ಮೀನನ್ನೇ ಎಂದು ಈಗ ನಿನಗೆ ತಿಳಿದಿರಬೇಕು.

ಇವತ್ತು ಊಟದ ಹೊತ್ತಿಗೆ ಜ್ಯೋತೆಪ್ಪ ಕಾಕಾ ಬಂದ. ಪಡಸಾಲೆಯ ಮಾತು ನಾನು ಅಡುಗೆಮನೆಯ ಬಾಗಿಲ ಹಿಂದಿನಿಂದ ಕೇಳಿದೆ. ಮನೆಯವರಿಗೆಲ್ಲ ಪಸಂದು, ಹುಡುಗನಿಗಂತೂ ಬಹಳ ಪಸಂದು. ಆದರೆ ಒಂದು ಮಾತು. ನಮ್ಮ ಕಾಕಾ ಸಂಬಂಧ ಹೇಳುವಾಗ ಏನು ಹೇಳಿದ್ದಾನೆ ಗೊತ್ತೇ? "ಹುಡುಗಿ ಬಾಯಾಗ ನಾಲಿಗಿ ಐತೋ ಇಲ್ಲೋ ಅನಬೇಕು, ಅಷ್ಟ ಸುಮ್ಮನಿರತೈತಿ" ಎಂದು ನನ್ನನ್ನು ಹೊಗಳಿದ್ದಾನೆ! ಇಂದುಬಾಯಿಯವರು ಈಗ ಅದನ್ನೇ ಹಿಡಿದಿದ್ದಾರೆ. ಸುಮ್ಮನಿರುವ ಹುಡುಗಿ ಅಂದಿರಿ, ನಿನ್ನೆ ಬಜಾರಿನಲ್ಲಿ ಕೂತು ಕೀರ್ತನಕಾರರ ಹಾಗೆ ಹೇಳಿದಳಲ್ಲ, ಖರೆ ಯಾವುದು? ಕಾಕಾ ಅಪ್ಪನಿಗೆ ಉಪಾಯವನ್ನೂ ಹೇಳಿಕೊಟ್ಟ. "ಪಿಕ್ಚರ ನೋಡಿ ಅಂಜಿದ್ಲು, ಅದಕ್ಕ ಹಂಗ ಮಾತಾಡಿದ್ಲು, ಇಲ್ಲಂದ್ರ ಅಕಿ ಮೂಕಬಸವಿ ಅಂತ ಹೇಳಿಬಿಡ್ರಿ. ಗುರುವಾರ ಬಂದ ಹೋಗತೀನಿ, ಹೂಂ ಅಂದ್ರ ಮುಗೀತು."

ಅಪ್ಪ ಹೂಂ ಅಂದುಬಿಟ್ಟರೆ, ಆ ಮನೆಗೆ ನಾನು ಮೂಕಳಾಗಿಯೇ ಹೋಗಬೇಕು. ನಿನ್ನೆ ಒಂದು ಸಂಜೆ ಬಂದ ದನಿಯನ್ನು ಮತ್ತೆ ನುಂಗಿ, ಬದುಕಿಡೀ ಅವರಿಗೆ ಕೊಟ್ಟ ಮಾತು ಕಾಯಬೇಕು. ಅಪ್ಪ ಅಡಕೊತ್ತು ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಇಲ್ಲ ಜ್ಯೋತೆಪ್ಪ. ಅಕಿ ಮಾತಾಡತಾಳ. ನನಗೂ ನಿನ್ನೇನ ಗೊತ್ತಾತು" ಅಂದರು. ಕಾಕಾ, "ಸಂಬಂಧ ಹೋದೀತ್ರಿ ಶಿವಲಿಂಗಪ್ಪಣ್ಣ" ಅಂದ. ಅಪ್ಪ, "ಹೋದ್ರ ಹೋಗಲಿ. ಸುಳ್ಳ ಹೇಳಿ ಭಾಂಡೆ ಮಾರಿಲ್ಲ, ಮಗಳನ್ನ ಕೊಡಲ್ಯಾ?" ಅಂದರು. ಬಾಗಿಲ ಹಿಂದೆ ನಾನು ಕೂತೇಬಿಟ್ಟೆ. ಇಷ್ಟು ಹಗುರ ನನಗೆ ಎಂದೂ ಅನಿಸಿರಲಿಲ್ಲ ಅವ್ವಾ. ಗುರುವಾರದ ತನಕ ವಿಚಾರ ಮಾಡಿರಿ ಎಂದು ಹೇಳಿ ಕಾಕಾ ಹೋದ ಮೇಲೆ ಅಪ್ಪ ಒಳಗೆ ಬಂದು ನೀರು ಕುಡಿದರು. ನಿನಗೆ ಒಪ್ಪಿಗೆಯೇ ಎಂದು ಕೇಳಲು ಬಂದವರು, ಕೇಳಲಾಗದೆ, ಜೇಬಿನಿಂದ ಒಂದು ಇನ್‌ಲ್ಯಾಂಡ್ ತೆಗೆದು ಗೂಡಿನಲ್ಲಿಟ್ಟು, "ಅವ್ವಗ ಬರಿಯೂದಿದ್ರ ಬರಿ" ಎಂದು ಅಂಗಡಿಗೆ ಹೋದರು. ನನ್ನ ಸಂಕೋಚ ಯಾರಿಂದ ಬಂದದ್ದೆಂದು ಆಗ ತಿಳಿಯಿತು. ಇನ್‌ಲ್ಯಾಂಡ್ ಸಾಲದೆಂದು ಹಾಳೆಗಳಲ್ಲಿ ಬರೆದಿದ್ದೇನೆ.

ರತ್ನಾ ಅತ್ತಿ ಲಕೋಟೆಯನ್ನು ಡಬ್ಬಿಗೆ ಹಾಕಲು ಹೊರಟು ನಿಂತಿದ್ದಾರೆ, ಆಗಲೇ ಎರಡು ಸಲ ಕೂಗಿದರು. ಆಯಿಗೆ ನನ್ನ ಶರಣು ಹೇಳು. ಮಾಮಾ ಮತ್ತು ಮಾಮಿಗೆ ನಮಸ್ಕಾರ. ಈ ಪಿಕ್ಚರಿನ ಕಥೆಯನ್ನು ಆಯಿಗೆ ಓದಿ ಹೇಳು, ಆದರೆ ಲಂಗದ ವಿಷಯ ಬಿಟ್ಟು ಓದು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನನ್ನ ಆಣೆ.

ನಿನ್ನ ಮಗಳು,
ನೀಲಾ

ತಾ.ಕ.: ನೀನು ಕೇಳಿದ ಒಂದು ಸಾಲು ಬರೆಯುವುದೇ ಉಳಿಯಿತು. ನನಗೆ ಮನಸ್ಸಿದೆ. ಆದರೆ ಇದನ್ನು ನೀನು ಅಪ್ಪನಿಗೆ ಬರೆಯಬೇಡ, ಮುಂದಿನದನ್ನು ಈ ಸಲ ನೀನು ನೋಡುವುದು ಬೇಡ. ಗುರುವಾರ ಜ್ಯೋತೆಪ್ಪ ಕಾಕಾ ಬಂದಾಗ ನಾನು ಬಾಗಿಲ ಹಿಂದೆ ನಿಲ್ಲುವುದಿಲ್ಲ. ಪಡಸಾಲೆಗೆ ಹೋಗಿ ಅಪ್ಪನ ಪಕ್ಕದಲ್ಲಿ ಕೂತು, ನನ್ನ ಬಾಯಿಂದಲೇ ಹೇಳುತ್ತೇನೆ: ನನಗೆ ಒಪ್ಪಿಗೆ ಇದೆ, ನಾನು ಮಾತಾಡುವವಳು ಎಂದು ಇಂದುಬಾಯಿಯವರಿಗೆ ತಿಳಿಸಿ, ಬೇಡವಾದರೆ ಈಗಲೇ ಬೇಡ ಅನ್ನಲಿ.